ಗುಜರಿಗೆ ಹೋಗದೆ ಉಳಿದವು

ಅಡಕತ್ತರಿಯನ್ನು ಯಾರಾದರೂ ಆಸೆಪಟ್ಟು ಸಂಗ್ರಹಿಸುತ್ತಾರೆ ಎಂದರೆ ಮಲೆನಾಡಿನ ಮನೆಗಳಲ್ಲಿ ನಕ್ಕುಬಿಟ್ಟಾರು. ಅದು ಜಗಲಿಯ ಮೂಲೆಯಲ್ಲೋ ಎಲೆ ತಟ್ಟೆಯಲ್ಲೋ ಬಿದ್ದಿರುವ ವಸ್ತು. ಬೇಕಾದಾಗ ಕೈಗೆ ಸಿಗದೆ ಮನೆಮಂದಿಯನ್ನೆಲ್ಲ ಹುಡುಕಾಟಕ್ಕೆ ಹಚ್ಚುವ ವಸ್ತು. ಆದರೆ ಪುಣೆಯ ಶುಕ್ರವಾರ ಪೇಟೆಯಲ್ಲಿ, ಬಾಜೀರಾವ್ ರಸ್ತೆಯ ಪಕ್ಕದ ನಾತೂಬಾಗ್‌ನಲ್ಲಿರುವ ಕಟ್ಟಡವೊಂದರಲ್ಲಿ ಗಾಜಿನ ಕಪಾಟಿನ ತುಂಬ ಅಡಕತ್ತರಿಗಳೇ. ಗಿಳಿಯ ಆಕಾರದವು, ನವಿಲಿನ ಆಕಾರದವು, ಕುದುರೆಯಂತಿರುವವು, ಗಂಡು ಹೆಣ್ಣು ಅಪ್ಪಿಕೊಂಡು ನಿಂತಂತೆ ಎರಕ ಹೊಯ್ದವು. ಮೈಯೆಲ್ಲ ಹಿತ್ತಾಳೆಯಾದರೂ ಅಲಗು ಮಾತ್ರ ಕಬ್ಬಿಣದ್ದು, ಹಿತ್ತಾಳೆಯ ಅಲಗು ಒಣಗಿದ ಅಡಿಕೆಯ ಮುಂದೆ ನಿಲ್ಲುವುದಿಲ್ಲ.

ಇದು ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯ. ಹೇಳಿ ಕೇಳಿ ಪುಣೆ ಇತಿಹಾಸದ ಊರು. ಶನಿವಾರವಾಡೆ, ಸಿಂಹಗಡ, ಪೇಶ್ವೆಗಳು ಎಂದು ಹೊರಟವರಿಗೆ ಈ ಕಟ್ಟಡ ಪಟ್ಟಿಯ ಕೊನೆಯಲ್ಲಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನನ್ನ ಮಟ್ಟಿಗೆ ಅದನ್ನು ಪಟ್ಟಿಯ ತಲೆಯಲ್ಲಿ ಇಡಬೇಕು. ಶನಿವಾರವಾಡೆಯಲ್ಲಿ ಈಗ ಉಳಿದಿರುವುದು ಕೋಟೆಗೋಡೆ, ಬಾಗಿಲು, ಅಡಿಪಾಯ. ಆ ಗೋಡೆಗಳ ಆಚೆಗಿನ ಮನೆಗಳಲ್ಲಿ ಜನ ಯಾವುದರಲ್ಲಿ ಅಡುಗೆ ಮಾಡಿದರು, ಯಾವುದರ ಬೆಳಕಿನಲ್ಲಿ ಉಂಡರು, ಯಾವುದರಿಂದ ತಲೆ ಬಾಚಿಕೊಂಡರು ಎಂಬುದೆಲ್ಲ ಇಲ್ಲಿದೆ.

ಇಷ್ಟನ್ನೂ ಕೂಡಿಹಾಕಿದವರು ಪುರಾತತ್ವಜ್ಞರಲ್ಲ, ಸಂಸ್ಥಾನಿಕರೂ ಅಲ್ಲ. 1896ರಲ್ಲಿ ಹುಟ್ಟಿದ ದಿನಕರ ಗಂಗಾಧರ ಕೇಳ್ಕರ್ ಅವರದು ಕನ್ನಡಕದ ವ್ಯಾಪಾರ. ಜೊತೆಗೆ ಮರಾಠಿಯಲ್ಲಿ ಕವಿತೆ ಬರೆಯುತ್ತಿದ್ದರು. ಕಾವ್ಯನಾಮ ‘ಅಜ್ಞಾತವಾಸಿ’. ಪುಣೆಯವರು ಪ್ರೀತಿಯಿಂದ ಕಾಕಾ ಕೇಳ್ಕರ್ ಎನ್ನುತ್ತಿದ್ದರು. ಇತಿಹಾಸದ ಒಲವಿನಿಂದ 1920ರ ಸುಮಾರಿಗೆ ಹಳೆಯ ವಸ್ತುಗಳ ಬೆನ್ನು ಹತ್ತಿದವರು ಬರಬರುತ್ತ ದೀಪ, ಬೀಗ, ದೌತಿ, ಕುಂಕುಮದ ಭರಣಿಗಳ ಕಡೆಗೆ ತಿರುಗಿದರು. ಆಗ ಅವಕ್ಕೆ ಹಳೆ ಹಿತ್ತಾಳೆಯ ತೂಕಕ್ಕಿಂತ ಹೆಚ್ಚಿನ ಬೆಲೆ ಕಟ್ಟುವವರು ಕಡಿಮೆ. ಅವರ ಮಗ ರಾಜಾ ಎಳವೆಯಲ್ಲೇ ತೀರಿಕೊಂಡ. ಸಂಗ್ರಹಕ್ಕೆ ಅವನ ಹೆಸರನ್ನೇ ಇಟ್ಟರು. ಹೆಸರಿನಲ್ಲಿರುವ ‘ರಾಜಾ’ ಬಿರುದು ಎಂದುಕೊಂಡು, ಯಾರೋ ಅರಸನ ಮನೆತನದ ವಸ್ತುಗಳಿರಬೇಕೆಂದು ಒಳಗೆ ಬರುವವರಿದ್ದಾರೆ. ಅದು ಒಬ್ಬ ಹುಡುಗನ ಹೆಸರು.

ಹೆಂಡತಿ ಕಮಲಾಬಾಯಿಯವರ ಒತ್ತಾಸೆ ಇಲ್ಲದಿದ್ದರೆ ಇದು ಇಷ್ಟು ದೂರ ಬರುತ್ತಿರಲಿಲ್ಲ. ಇಂಥ ಹುಚ್ಚಿನ ಕತೆಗಳಲ್ಲಿ ಮನೆಯವರ ಪಾಲನ್ನು ಒಂದು ಸಾಲಿನಲ್ಲಿ ಮುಗಿಸುವುದು ರೂಢಿ. ಸಾವಿರಾರು ಲೋಹದ ಸಾಮಾನು ಮನೆಗೆ ಬಂದು ಬೀಳುತ್ತಿದ್ದರೆ ಅವುಗಳ ನಡುವೆ ಸಂಸಾರ ಮಾಡುವುದೆಂದರೇನು ಎಂದು ಸಂಗ್ರಹಕಾರರ ಹೆಂಡತಿಯರನ್ನು ಕೇಳಿ ಬರೆದ ಪುಸ್ತಕವೊಂದು ಬರಬೇಕು.

ಕೇಳ್ಕರರಿಗೆ ಇಷ್ಟೊಂದು ಸಾಮಾನು ಸಿಕ್ಕಿದ್ದು ಹೇಗೆ ಎಂಬುದಕ್ಕೆ ಕಾಲದ ಉತ್ತರವೂ ಉಂಟು. ಪೇಶ್ವೆಗಳ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಪುಣೆಯ ಎಷ್ಟೋ ಮನೆತನಗಳ ಕಸುವು ನಿಧಾನಕ್ಕೆ ಇಳಿಯಿತು. ವಾಡೆಗಳು ಪಾಲಾದವು, ಬಾಡಿಗೆಗೆ ಹೋದವು, ಕುಸಿದವು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಅಡುಗೆಮನೆಗೆ ಸ್ಟೀಲ್ ಬಂತು. ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಆಗಬೇಕು, ಹುಣಸೆಹಣ್ಣು ಹಾಕಿ ತಿಕ್ಕಬೇಕು, ಎತ್ತಿಡಲು ರಟ್ಟೆಯಲ್ಲಿ ಬಲ ಬೇಕು. ಸ್ಟೀಲಿಗೆ ಇದೊಂದೂ ಬೇಡ. ಹಳೆಯ ಹಂಡೆ, ಕೊಳಗ ಕೊಟ್ಟು ಹೊಳೆಯುವ ಡಬ್ಬಿ ತಂದ ಹೆಂಗಸರನ್ನು ಇವತ್ತು ಪರಂಪರೆಯ ಹೆಸರಿನಲ್ಲಿ ಬೈಯುವವರು ಒಂದು ವಾರ ಬೂದಿ ಹಾಕಿ ಪಾತ್ರೆ ತಿಕ್ಕಿ ನೋಡಲಿ. ಒಟ್ಟಿನಲ್ಲಿ ಮನೆಮನೆಯಿಂದ ಹೊರಬಿದ್ದ ಲೋಹ ಕುಲುಮೆಗೆ ಹೋಗಿ ಕರಗುತ್ತಿತ್ತು. ಕುಲುಮೆ ಮುಟ್ಟುವ ಮೊದಲೇ ಒಂದಿಷ್ಟನ್ನು ಈ ಕವಿ ಎತ್ತಿಟ್ಟುಕೊಂಡರು.

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟೆ ಒಡೆದು ಪುಣೆಯ ನದೀತೀರದ ಪೇಟೆಗಳು ಮುಳುಗಿದವು. ಮಣ್ಣು, ಮರದ ಹಳೆಯ ಮನೆಗಳು ನೆನೆದು ಕುಸಿದವು. ಒಳಗಿದ್ದದ್ದು ಕೊಚ್ಚಿಕೊಂಡು ಹೋಯಿತು. ಮರುವರ್ಷ, ಅಂದರೆ 1962ರಲ್ಲಿ, ಕೇಳ್ಕರರ ಸಂಗ್ರಹ ವಸ್ತುಸಂಗ್ರಹಾಲಯವಾಗಿ ರೂಪ ಪಡೆಯಿತು. ಎರಡಕ್ಕೂ ನಂಟು ಕಟ್ಟಬೇಕಿಲ್ಲ. ಆದರೆ ಈ ಎರಡು ಇಸವಿಗಳನ್ನು ಒಟ್ಟಿಗೆ ಇಟ್ಟುಕೊಂಡು ಆ ಕೋಣೆಗಳಲ್ಲಿ ಅಡ್ಡಾಡಿದರೆ ನೋಡುವ ಕಣ್ಣು ಬೇರೆಯಾಗುತ್ತದೆ.

ಅಡುಗೆಮನೆಯ ವಿಭಾಗದಿಂದ ನನಗಂತೂ ಬೇಗ ಹೊರಬರಲಾಗಲಿಲ್ಲ. ಶ್ಯಾವಿಗೆ ಒತ್ತುವ ಸಾಧನಕ್ಕೆ ಪ್ರಾಣಿಯ ರೂಪ, ತುರಿಯುವ ಮಣೆಗೆ ಕೆತ್ತನೆ, ಹಿಟ್ಟು ಅಳೆಯುವ ಪಾತ್ರೆಗೆ ಬಳ್ಳಿಯ ಅಂಚು. ಕಾಯಿ ತುರಿಯುವವರಿಗೆ ಕಾಯಿ ತುರಿದರಾಯಿತು, ಮಣೆಯ ಮೇಲೆ ಹೂವು ಯಾಕೆ ಬೇಕು ಎಂದು ಕೇಳಬಹುದು. ದಿನವೂ ಗಂಟೆಗಟ್ಟಲೆ ಅದೇ ಮಣೆಯ ಮೇಲೆ ಕೂರುತ್ತಿದ್ದವರಿಗೆ ಬೇಕಿತ್ತು ಎನ್ನುವುದೊಂದೇ ಉತ್ತರ. ಮಾಡಿಕೊಟ್ಟ ಕಂಚುಗಾರನಿಗೂ ಬಡಗಿಗೂ ಅದು ತಿಳಿದಿತ್ತು.

ಶೃಂಗಾರದ ಸಾಮಾನು ಇನ್ನೂ ಬೆರಗಿನದು. ಹಿಮ್ಮಡಿ ತಿಕ್ಕುವ ಹಿತ್ತಾಳೆಯ ಸಾಧನ ನಮ್ಮ ಕಡೆ ಅಷ್ಟಾಗಿ ಕಾಣದು. ಮರಾಠಿಯವರು ಅದನ್ನು ವಜರಿ ಎನ್ನುತ್ತಾರೆ. ತಳ ಉರುಟು, ಕಚ್ಚು ಕಚ್ಚು. ಮೇಲ್ಗಡೆ ಹಿಡಿದುಕೊಳ್ಳುವ ಜಾಗದಲ್ಲಿ ಹಕ್ಕಿಯೋ ಆನೆಯೋ ಕುಳಿತಿರುತ್ತದೆ, ಕೆಲವಕ್ಕೆ ಕಿರುಗೆಜ್ಜೆ. ತಿಕ್ಕಿದಾಗೆಲ್ಲ ಗೆಜ್ಜೆ ದನಿ ಬರುತ್ತದೆ. ಬಚ್ಚಲಮನೆಯಲ್ಲಿ ಒಡೆದ ಹಿಮ್ಮಡಿ ಉಜ್ಜಿಕೊಳ್ಳುವಾಗ ಯಾರ ಕಿವಿಗೆ ಈ ಗೆಜ್ಜೆ? ಉಜ್ಜಿಕೊಳ್ಳುವವಳದೇ ಕಿವಿಗೆ. ಅರಮನೆಯ ಒಡವೆಗಳಲ್ಲಿ ನೋಡುವವರ ಕಣ್ಣಿನ ಲೆಕ್ಕ ಇರುತ್ತದೆ. ಇಲ್ಲಿ ಆ ಲೆಕ್ಕವಿಲ್ಲ. ಇಡೀ ಸಂಗ್ರಹದಲ್ಲಿ ಒಂದೇ ವಸ್ತು ಆರಿಸಿಕೋ ಎಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ದೀಪಗಳದೇ ಒಂದು ಲೋಕ. ನೇತುಹಾಕುವವು, ಗೂಡಿನಲ್ಲಿ ಇಡುವವು, ಕೈಯಲ್ಲಿ ಹಿಡಿದು ನಡೆಯುವವು. ಬೀಗಗಳು, ಹುಕ್ಕಾಗಳು, ದೌತಿಗಳು, ಗಂಜೀಫಾ ಎಲೆಗಳು, ಪಗಡೆ ಹಾಸುಗಳು, ತೊಗಲುಗೊಂಬೆಗಳು, ವಾದ್ಯಗಳು ಇವೆ. ಮಹಾರಾಷ್ಟ್ರದ್ದಷ್ಟೇ ಅಲ್ಲ, ಗುಜರಾತಿನ ಮರಗೆಲಸ, ರಾಜಸ್ಥಾನದ ವಸ್ತುಗಳು, ದಕ್ಷಿಣದ ದೀಪಗಳೂ ಸೇರಿವೆ. ಮನೆಗಳಿಂದ ಕಳಚಿ ತಂದ ಇಡಿಯ ಬಾಗಿಲುಗಳೂ ಇವೆ. ಮಾರ್ಗದರ್ಶಿಗಳು ಹೆಮ್ಮೆಯಿಂದ ಕರೆದೊಯ್ಯುವುದು ಮಸ್ತಾನಿ ಮಹಲಿಗೆ. ಒಂದನೆಯ ಬಾಜೀರಾಯನ ಮಡದಿ ಮಸ್ತಾನಿಗಾಗಿ ಕೋಥರೂಡಿನಲ್ಲಿ ಕಟ್ಟಿಸಿದ್ದ ಮಹಲಿನ ಉಳಿಕೆಗಳನ್ನು ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಚೆನ್ನಾಗಿದೆ. ಅವರಿಬ್ಬರ ಕತೆಯ ಸಿನಿಮಾ ಬಂದ ಮೇಲೆ ಅಲ್ಲಿ ಗುಂಪೂ ಹೆಚ್ಚು. ಆದರೆ ಪೇಶ್ವೆಯ ಮಹಲನ್ನು ಉಳಿಸಲು ಯಾರಾದರೊಬ್ಬರು ಮುಂದೆ ಬರುತ್ತಿದ್ದರು. ವಜರಿಯನ್ನು ಉಳಿಸಲು ಕೇಳ್ಕರರೇ ಬೇಕಿತ್ತು.

ಹೊಗಳಿದ್ದಾಯಿತು, ಕೊರತೆಯನ್ನೂ ಹೇಳಬೇಕು. ಸಂಗ್ರಹದಲ್ಲಿ ಸುಮಾರು 20,000 ವಸ್ತುಗಳಿವೆ. ಕಟ್ಟಡದಲ್ಲಿ ತೋರಿಸಲು ಸಾಧ್ಯವಾಗಿರುವುದು ಅದರ ಸಣ್ಣ ಪಾಲು. ಊರಾಚೆಯ ಬಾವಧನ್‌ನಲ್ಲಿ ದೊಡ್ಡ ಸಂಕೀರ್ಣ ಕಟ್ಟುವ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ವಸ್ತುಗಳ ಪಕ್ಕದ ಚೀಟಿಗಳಲ್ಲಿ ಹೆಸರು, ಊರು, ಶತಮಾನ ಇಷ್ಟು ಸಿಕ್ಕಿದರೆ ಪುಣ್ಯ. ಯಾರ ಮನೆಯದು, ಯಾರು ಮಾಡಿದ್ದು, ಎಷ್ಟಕ್ಕೆ ಕೊಂಡದ್ದು ಎಂದು ಕೇಳುವ ಹಾಗಿಲ್ಲ. ಇನ್ನೊಂದು ಮಾತು: ಇಲ್ಲಿ ಉಳಿದಿರುವುದು ಬಹುಪಾಲು ಹಿತ್ತಾಳೆ, ತಾಮ್ರ, ದಂತ, ಒಳ್ಳೆಯ ಮರ. ಅಂದರೆ ಉಳ್ಳವರ ಮನೆಯದು. ಮಣ್ಣಿನ ಮಡಕೆ, ಬಿದಿರಿನ ಬುಟ್ಟಿ, ಸೋರೆಬುರುಡೆ ಸಂಗ್ರಹಕಾರ ಬರುವ ತನಕ ಕಾಯುವುದಿಲ್ಲ. ಒಡೆಯುತ್ತವೆ, ಗೆದ್ದಲು ತಿನ್ನುತ್ತವೆ. ಇದರಲ್ಲಿ ಕೇಳ್ಕರರ ತಪ್ಪೇನೂ ಇಲ್ಲ. ಆದರೆ ಇದೇ ನಮ್ಮ ಪೂರ್ವಿಕರ ಬದುಕು ಎಂದು ನಂಬಿ ಹೊರಬಂದರೆ ಅದು ನೋಡುಗರ ತಪ್ಪು.

ಹೀಗೆ ಕೂಡಿಸುವವರು ಎಲ್ಲ ಕಡೆಯೂ ಇದ್ದಾರೆ, ಕೂಡಿಸುವ ವಸ್ತು ಬೇರೆ ಬೇರೆ. ಬಿಂದೇಶ್ವರ್ ಪಾಠಕ್ ದೆಹಲಿಯಲ್ಲಿ 1992ರಲ್ಲಿ ಶೌಚಾಲಯಗಳದ್ದೇ ವಸ್ತುಸಂಗ್ರಹಾಲಯ ತೆರೆದರು. ಕೇಳಿದವರು ಮೊದಲು ನಗುತ್ತಾರೆ, ಮಲ ಹೊರುವ ಪದ್ಧತಿಯ ವಿರುದ್ಧ ಅವರ ಸಂಸ್ಥೆ ನಡೆಸಿದ ಕೆಲಸ ತಿಳಿದ ಮೇಲೆ ನಗು ನಿಲ್ಲುತ್ತದೆ. ಮಂಡ್ಯ ಜಿಲ್ಲೆ ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕ ಕೂಡಿಹಾಕಿದ್ದಾರೆ. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕ್ ನೌಕರರು. ಕರಾವಳಿಯ ಹಳೆ ಮನೆಗಳನ್ನು ಕೆಡವಿ ಕಂಬ, ತೊಲೆ, ಬಾಗಿಲು ಮಾರುವುದನ್ನು ನೋಡಲಾರದೆ ಆ ತುಂಡುಗಳಿಂದಲೇ ತಮಗೊಂದು ಮನೆ ಕಟ್ಟಿಕೊಂಡರು. ನೋಡಲು ಬರುವವರ ಕಾಟ ಎಷ್ಟಾಯಿತೆಂದರೆ ಅವರೇ ಆ ಮನೆ ಬಿಟ್ಟು ಹೊರಡಬೇಕಾಯಿತು! ಆಮೇಲೆ ಮಣ್ಣಪಳ್ಳ ಕೆರೆಯ ಬಳಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಎದ್ದಿತು. ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್ ಇಲ್ಲಿಗೆ ಬಂದು ಮತ್ತೆ ನಿಂತಿವೆ. ಬಿಚ್ಚಿ, ಸಾಗಿಸಿ, ತುಂಡಿಗೆ ತುಂಡು ಜೋಡಿಸಿದ ಕೆಲಸ ಅದು. ಶೆಣೈಯವರು 2017ರಲ್ಲಿ ತೀರಿಕೊಂಡರು.

ಇವರೆಲ್ಲರ ಸಾಹಸದ ಬಗ್ಗೆ ಲೇಖನಗಳು ಬಂದಿವೆ. ಕಡಿಮೆ ಚರ್ಚೆಯಾಗುವ ಪ್ರಶ್ನೆ ಒಂದುಂಟು: ಕೂಡಿಸಿದವರು ಹೋದ ಮೇಲೆ ಏನು? ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್ ಮದುವೆಯಾಗದೆ 1949ರಲ್ಲಿ ತೀರಿಕೊಂಡಾಗ ಅವರ ಭಾರೀ ಸಂಗ್ರಹಕ್ಕೆ ನೇರ ವಾರಸುದಾರರಿರಲಿಲ್ಲ. ಅದು ಚೆದುರದೆ 1951ರಲ್ಲಿ ವಸ್ತುಸಂಗ್ರಹಾಲಯವಾಗಿ, 1961ರಲ್ಲಿ ಸಂಸತ್ತಿನ ಕಾಯ್ದೆಯ ಆಸರೆ ಪಡೆಯಿತು. ಅಷ್ಟು ದೊಡ್ಡ ಹೆಸರು, ಅಷ್ಟು ದೊಡ್ಡ ಬೆಲೆ ಇದ್ದದ್ದರಿಂದ ಉಳಿಯಿತು. ಅಡಕತ್ತರಿ, ದೌತಿಗಳಿಗೆ ಆ ಭಾಗ್ಯ ಎಲ್ಲಿಯದು? ಮಕ್ಕಳು ಹಂಚಿಕೊಂಡು, ಬೇಡದ್ದನ್ನು ವ್ಯಾಪಾರಿಗೆ ಕೊಟ್ಟು ಕೈತೊಳೆದುಕೊಂಡರೆ ಅರುವತ್ತು ವರ್ಷದ ಕೆಲಸ ಆರು ತಿಂಗಳಲ್ಲಿ ಕರಗುತ್ತದೆ. ಕೇಳ್ಕರರು ಈ ಅಪಾಯವನ್ನು ಬದುಕಿರುವಾಗಲೇ ಕಂಡರು. 1975ರಲ್ಲಿ ಇಡೀ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಆಮೇಲೆಯೂ 15 ವರ್ಷ ಬದುಕಿದ್ದು 1990ರಲ್ಲಿ ತೀರಿಕೊಂಡರು. ಸಂಗ್ರಹಿಸಿದ್ದಕ್ಕಿಂತ ಹೀಗೆ ಬಿಟ್ಟುಕೊಟ್ಟದ್ದೇ ಅವರ ದೊಡ್ಡ ಕೆಲಸ ಎಂದು ನನ್ನ ಎಣಿಕೆ.

ನಮ್ಮಲ್ಲಿ ಈ ದೂರದೃಷ್ಟಿ ಎಚ್.ಎಲ್. ನಾಗೇಗೌಡರಿಗಿತ್ತು. ಐಎಎಸ್ ಅಧಿಕಾರಿಯಾಗಿದ್ದ ಅವರು ಹಳ್ಳಿಗಳ ಹಾಡು, ಕತೆಗಳ ಜೊತೆಗೆ ವಸ್ತುಗಳನ್ನೂ ಕಲೆಹಾಕಿದರು. ಅದನ್ನು ಮನೆಯ ಅಟ್ಟಕ್ಕೆ ಏರಿಸದೆ 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆಯಿತು. ನೇಗಿಲು, ಕುಂಟೆ, ಒನಕೆ, ಮೀನಿನ ಕೂಳಿಗಳಂಥ ದುಡಿಮೆಯ ಸಾಮಾನಿಗೆ ಅಲ್ಲಿ ಜಾಗ ಸಿಕ್ಕಿತು. ಪುಣೆಯ ಸಂಗ್ರಹದಲ್ಲಿ ಕಾಣದ ಬದುಕನ್ನು ನೋಡಬೇಕೆನ್ನುವವರು ಬೆಂಗಳೂರು-ಮೈಸೂರು ಹಳೆ ಹೆದ್ದಾರಿಯಲ್ಲಿ ಅಲ್ಲಿ ಇಳಿಯಲೇಬೇಕು. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿರುವ ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವೂ ಇದೇ ಸಾಲಿನದು.

ಇನ್ನು ನಮ್ಮ ನಿಮ್ಮ ಮನೆಗಳು. ಸಂಗ್ರಹಕಾರರೆಂದು ಹೇಳಿಕೊಳ್ಳದೆಯೇ ನಾವೆಲ್ಲ ಏನೇನೋ ಕೂಡಿಹಾಕಿಕೊಂಡಿದ್ದೇವೆ. ತಂತಿಗೆ ಚುಚ್ಚಿಟ್ಟ ಇನ್‌ಲ್ಯಾಂಡ್ ಪತ್ರಗಳು, ಮದುವೆಯ ಕರೆಯೋಲೆಗಳು, ಮುರುಕಲು ಪಾವು ಸೇರುಗಳು. ಅದರಲ್ಲೂ ಹಳೆಯ ಸ್ಟೀಲ್ ಪಾತ್ರೆಗಳನ್ನು ತಿರುಗಿಸಿ ನೋಡಿ. ಅಂಚಿನಲ್ಲಿ ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ ಕೊಟ್ಟವರ ಹೆಸರು, ಊರು, ತಾರೀಖು ಇರುತ್ತದೆ. ಯಾವ ಸೋದರಮಾವ ಯಾವ ಊರಿನಿಂದ ಯಾರ ಗೃಹಪ್ರವೇಶಕ್ಕೆ ಬಂದಿದ್ದ ಎಂಬ ಲೆಕ್ಕವನ್ನು ಆ ಡಬ್ಬಿ ಚೆನ್ನಾಗಿ ಇಟ್ಟುಕೊಂಡಿದೆ. ಪುಣೆಯ ಕಪಾಟುಗಳಲ್ಲಿ ನನಗೆ ಸಿಗದೆ ಹೋದದ್ದು ಇಂಥ ಹೆಸರುಗಳೇ.

ಪುಣೆಗೆ ಹೋದವರು ಅರ್ಧ ದಿನ ಬಿಡುವು ಮಾಡಿಕೊಂಡು ಕೇಳ್ಕರ್ ಸಂಗ್ರಹಾಲಯ ನೋಡಿ. ಶನಿವಾರವಾಡೆಯಿಂದ ನಡೆದೇ ಹೋಗಬಹುದು. ಊರಿಗೆ ಮರಳಿದ ಮೇಲೆ ಒಂದು ಕೆಲಸ ಮಾಡಿ. ಅಟ್ಟ ಖಾಲಿ ಮಾಡಿಸುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು, ಯಾವ ವಸ್ತು ಯಾರದು, ಎಲ್ಲಿಂದ ಬಂತು, ಯಾವುದಕ್ಕೆ ಬಳಸುತ್ತಿದ್ದರು ಎಂದು ಕೇಳಿ ಬರೆದು ಒಂದೊಂದಕ್ಕೂ ಚೀಟಿ ಕಟ್ಟಿ. ಆಮೇಲೆ ಕೊಡುವುದಾದರೆ ಚೀಟಿಯ ಸಮೇತ ಹತ್ತಿರದ ಸಂಗ್ರಹಾಲಯಕ್ಕೆ ಕೊಡಿ. ಅವರು ಬೇಡವೆಂದರೆ ಗುಜರಿಯವನು ಹೇಗೂ ಬರುತ್ತಾನೆ.