ಟ್ರ್ಯಾಕ್‌ಗೆ ಇಳಿಯುವ ಕಾರಿಗೆ ಎಂಥ ಗೇರ್‌ಬಾಕ್ಸ್ ಬೇಕು?

ಭತ್ತದ ನಾಟಿಗೆ ಮುನ್ನ ಕೇಜ್ ವೀಲ್ ಕಟ್ಟಿಕೊಂಡು ಸಿರುಗುಪ್ಪದ ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರು, ಸಂಡೂರಿನ ಗಣಿಗಳಿಂದ ಅದಿರು ಹೊತ್ತು ಬಳ್ಳಾರಿ ಜಿಲ್ಲೆಯ ರಸ್ತೆಗಳಲ್ಲಿ ಸಾಗುವ ಟಿಪ್ಪರು ಮತ್ತು ರೇಸ್ ಟ್ರ್ಯಾಕ್‌ನಲ್ಲಿ ಓಡುವ ಸ್ಪೋರ್ಟ್ಸ್ ಕಾರು, ಈ ಮೂರೂ ಒಂದೇ ಯಾಂತ್ರಿಕ ಸಮಸ್ಯೆಗೆ ಮೂರು ಬಗೆಯ ಉತ್ತರಗಳು. ಎಂಜಿನ್ನಿನ ಶಕ್ತಿ ಎಲ್ಲ ವೇಗದಲ್ಲೂ ಒಂದೇ ಸಮನಾಗಿ ದೊರೆಯುವುದಿಲ್ಲವೆಂಬುದು, ನಿಮಿಷಕ್ಕೆ ಅದು ಸುತ್ತುವ ಸುತ್ತುಗಳ, ಅಂದರೆ ಆರ್‌ಪಿಎಂನ ಒಂದು ನಿರ್ದಿಷ್ಟ ವ್ಯಾಪ್ತಿಯಲ್ಲಿ ಮಾತ್ರ ಅದು ಹುರುಪಿನಿಂದ ಎಳೆಯುತ್ತದೆಂಬುದು ಆ ಸಮಸ್ಯೆ. ಚಕ್ರದ ವೇಗ ಎಷ್ಟೇ ಇರಲಿ, ಎಂಜಿನ್ನನ್ನು ಆ ವ್ಯಾಪ್ತಿಯೊಳಗೆ ಉಳಿಸಿಕೊಳ್ಳುವುದೇ ಗೇರ್‌ಬಾಕ್ಸ್‌ನ ಕೆಲಸ.

ಇಪ್ಪತ್ತು ಹಲ್ಲಿನ ಗೇರು ನಲವತ್ತು ಹಲ್ಲಿನ ಗೇರನ್ನು ತಿರುಗಿಸಿದರೆ ಎರಡನೆಯದರ ವೇಗ ಅರ್ಧವಾಗಿ, ತಿರುಗಿಸುವ ಬಲ ಇಮ್ಮಡಿಯಾಗುತ್ತದೆ. ಆಗ ಗೇರ್ ಅನುಪಾತ 2 ಎಂದು ಹೇಳುತ್ತಾರೆ. ಗೇರ್‌ಬಾಕ್ಸ್‌ನಿಂದ ಹೊರಬಂದ ಚಲನೆ ನಮ್ಮ ಮೆಕ್ಯಾನಿಕ್‌ಗಳು ಕ್ರೌನ್-ಪಿನಿಯನ್ ಎಂದು ಕರೆಯುವ ಕೊನೆಯ ಜೋಡಿಯಲ್ಲಿ ಇನ್ನೊಮ್ಮೆ ನಿಧಾನಗೊಂಡು ಚಕ್ರಗಳನ್ನು ಸೇರುತ್ತದೆ. ಮುಂಚಕ್ರಗಳಿಂದ ಓಡುವ ಸಣ್ಣ ಕಾರುಗಳಲ್ಲಿ ಈ ಜೋಡಿಯೂ ಗೇರ್‌ಬಾಕ್ಸ್‌ನ ಒಳಗೇ ಇರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಟ್ರ್ಯಾಕ್ಟರಿಗೆ ಎಂಟು ಮುಂದಿನ ಮತ್ತು ಎರಡು ಹಿಂದಿನ ಗೇರುಗಳಿದ್ದು, ಅವು ಗಂಟೆಗೆ ಎರಡು-ಮೂರು ಕಿಲೋಮೀಟರಿನಿಂದ ಸುಮಾರು ಮೂವತ್ತು ಕಿಲೋಮೀಟರಿನವರೆಗಿನ ವೇಗವನ್ನು ಹಂಚಿಕೊಂಡಿರುತ್ತವೆ. ಸಿರುಗುಪ್ಪದ ಚಾಲಕ ಕೆಸರಿನಲ್ಲಿ ಒಂದು ಗೇರ್ ಮೇಲೆ ಹಾಕಿದರೆ ಎಂಜಿನ್ ಉಸಿರುಗಟ್ಟುತ್ತದೆ, ಒಂದು ಕೆಳಗೆ ಹಾಕಿದರೆ ಡೀಸೆಲ್ ಸುಮ್ಮನೆ ಉರಿಯುತ್ತದೆ; ಆದ್ದರಿಂದ ಕೆಲಸಕ್ಕೆ ಬೇಕಾದ ಕೆಳಗಿನ ವೇಗಗಳಲ್ಲಿ ಗೇರುಗಳನ್ನು ಹತ್ತಿರ ಹತ್ತಿರ ಜೋಡಿಸಿರುತ್ತಾರೆ. ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕ್‌ಗೆ ಸಿದ್ಧಪಡಿಸುವವರು ಇದೇ ವಿದ್ಯೆಯನ್ನು ಗಂಟೆಗೆ ಅರವತ್ತರಿಂದ ನೂರೆಂಬತ್ತು ಕಿಲೋಮೀಟರಿನ ನಡುವೆ ಪ್ರಯೋಗಿಸುತ್ತಾರೆ.

ರಸ್ತೆಗೆಂದು ತಯಾರಾದ ಕಾರಿನ ಗೇರ್‌ಬಾಕ್ಸ್ ಒಂದು ರಾಜಿ ಒಪ್ಪಂದ. ಮನೆಮಂದಿಯೆಲ್ಲ ಕುಳಿತು ಸಾಮಾನು ತುಂಬಿದ ಮೇಲೂ ಏರಿನಲ್ಲಿ ಕಾರು ಹೊರಡಬೇಕಾದ್ದರಿಂದ ಮೊದಲ ಗೇರು ಬಹಳ ಗಿಡ್ಡವಾಗಿರುತ್ತದೆ (ಅಂದರೆ ಅನುಪಾತ ದೊಡ್ಡದು), ಹೆದ್ದಾರಿಯಲ್ಲಿ ಪೆಟ್ರೋಲ್ ಉಳಿಯಬೇಕಾದ್ದರಿಂದ ಕೊನೆಯ ಗೇರು ಬಹಳ ಉದ್ದವಾಗಿರುತ್ತದೆ (ಅನುಪಾತ ಸಣ್ಣದು), ಈ ಎರಡರ ನಡುವಿನ ದೂರವನ್ನು ಉಳಿದ ಗೇರುಗಳು ದೊಡ್ಡ ದೊಡ್ಡ ಅಂತರಗಳಲ್ಲಿ ತುಂಬುತ್ತವೆ. ಲೆಕ್ಕಕ್ಕಾಗಿ ಒಂದು ಕಾರನ್ನು ಕಲ್ಪಿಸಿಕೊಳ್ಳಬಹುದು: ಅದರ ಐದು ಗೇರುಗಳ ಅನುಪಾತ 3.55, 1.90, 1.31, 0.97 ಮತ್ತು 0.82, ಕೊನೆಯ ಜೋಡಿಯ ಅನುಪಾತ 4.1, ಚಕ್ರದ ಸುತ್ತಳತೆ 1.9 ಮೀಟರ್, ಎಂಜಿನ್ ಚೆನ್ನಾಗಿ ಎಳೆಯುವುದು 5,000ದಿಂದ 7,000 ಆರ್‌ಪಿಎಂವರೆಗೆ. ಈ ಕಾರಿನಲ್ಲಿ ಎರಡನೇ ಗೇರನ್ನು 7,000ದವರೆಗೆ ಎಳೆದಾಗ ವೇಗ ಗಂಟೆಗೆ ಸುಮಾರು 102 ಕಿ.ಮೀ. ಆಗಿರುತ್ತದೆ. ಅಲ್ಲಿಂದ ಮೂರನೆಯದಕ್ಕೆ ಹಾಕಿದ ಕೂಡಲೇ ಎಂಜಿನ್ 4,830ರ ಆಸುಪಾಸಿಗೆ ಕುಸಿದು, ತನ್ನ ಒಳ್ಳೆಯ ವ್ಯಾಪ್ತಿಯಿಂದ ಹೊರಬೀಳುತ್ತದೆ. ಮತ್ತೆ ಮೇಲೇರುವವರೆಗೆ ಕಳೆಯುವ ಕಾಲವೇ ಪ್ರತಿ ಸುತ್ತಿನಲ್ಲಿ ಸೇರಿಹೋಗುವ ನಷ್ಟ. ಮೊದಲಿನಿಂದ ಎರಡನೆಯದಕ್ಕೆ ಹೋಗುವಾಗಲಂತೂ ಅದು 3,750ರ ಹತ್ತಿರ ಇಳಿಯುತ್ತದೆ.

ಅದೇ ಪೆಟ್ಟಿಗೆಯಲ್ಲಿ 2.92, 2.05, 1.58, 1.28 ಮತ್ತು 1.08 ಅನುಪಾತದ ಗೇರುಗಳನ್ನು ಕೂರಿಸಿದರೆ, ಅಂದರೆ ಕ್ಲೋಸ್ ರೇಶಿಯೊ ಎಂದು ಕರೆಯುವ ಒತ್ತೊತ್ತಾದ ಜೋಡಣೆಗೆ ಬದಲಾಯಿಸಿದರೆ, ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುಮಾರು 5,400ರಲ್ಲೇ ನಿಲ್ಲುತ್ತದೆ. ಎಂಜಿನ್ನಿಗೆ ಒಂದು ಅಶ್ವಶಕ್ತಿಯನ್ನೂ ಸೇರಿಸದೆ ಕಾರು ಚುರುಕಾಗುವ ಗುಟ್ಟು ಇದು. ಇದಕ್ಕೆ ತೆರಬೇಕಾದ ಬೆಲೆಯೂ ಲೆಕ್ಕದಲ್ಲೇ ಇದೆ. ಕಾರಿನ ಗರಿಷ್ಠ ವೇಗ 180 ಕಿಲೋಮೀಟರಿಗೆ ಕಟ್ಟುಬೀಳುತ್ತದೆ, ಗಂಟೆಗೆ 80 ಕಿ.ಮೀ.ನಂತೆ ನೆಮ್ಮದಿಯಾಗಿ ಹೋಗುವಾಗ 2,360ರಲ್ಲಿ ಸುತ್ತುತ್ತಿದ್ದ ಎಂಜಿನ್ ಈಗ 3,110ರಲ್ಲಿ ಅರಚುತ್ತದೆ, ಮೊದಲ ಗೇರು ಉದ್ದವಾದ ಕಾರಣ ನಿಂತ ಕಾರನ್ನು ಹೊರಡಿಸುವಾಗಲೆಲ್ಲ ಕ್ಲಚ್ ಪ್ಲೇಟ್ ಹೆಚ್ಚು ಜಾರಿ ಬೇಗ ಸವೆಯುತ್ತದೆ. ಬಳ್ಳಾರಿಯಿಂದ ಕುರುಗೋಡಿನ ಬಂಡೆಗುಡ್ಡಗಳ ಕಡೆಗೆ ಹೋಗುವ ದಾರಿಯಲ್ಲಿ ಊರು ಬಂದಲ್ಲೆಲ್ಲ ಹಂಪ್ ಬರುತ್ತದೆ, ಎದುರಿಗೆ ಕುರಿಹಿಂಡು ಬರುತ್ತದೆ. ಅಂಥ ದಾರಿಗೆ ಈ ಪೆಟ್ಟಿಗೆ ಶಿಕ್ಷೆಯೇ ಸರಿ.

ಸ್ಥಳದ ಪ್ರಶ್ನೆ ಇಲ್ಲಿ ತಾಂತ್ರಿಕ ಪ್ರಶ್ನೆಯೂ ಆಗುತ್ತದೆ. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಮಾಲೀಕರು ಶುಲ್ಕ ಕೊಟ್ಟು, ಸಾರ್ವಜನಿಕ ಸಂಚಾರವಿಲ್ಲದ ಟ್ರ್ಯಾಕ್‌ನಲ್ಲಿ ತಮ್ಮ ಕಾರನ್ನು ತಮ್ಮ ಶಕ್ತ್ಯನುಸಾರ ಓಡಿಸಿ ನೋಡುವ ದಿನ. ಬಳ್ಳಾರಿಯವರು ಅದಕ್ಕಾಗಿ ರಾಜ್ಯದ ಗಡಿ ದಾಟಬೇಕು. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈನಲ್ಲಿ 1990ರಲ್ಲಿ ಆರಂಭವಾದ ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್ ಹೆಚ್ಚುಕಡಿಮೆ 500 ಕಿ.ಮೀ. ದೂರದಲ್ಲಿದ್ದರೆ, ರೇಸ್ ಕಾರುಗಳ ನಿರ್ಮಾಪಕ ಎಸ್. ಕರಿವರ್ಧನ್ ಅವರ ಹೆಸರು ಹೊತ್ತ, ಕೊಯಮತ್ತೂರು ಬಳಿಯ 2.1 ಕಿ.ಮೀ. ಉದ್ದದ ಕರಿ ಮೋಟರ್ ಸ್ಪೀಡ್‌ವೇ 600 ಕಿಲೋಮೀಟರಿಗೂ ಆಚೆಗಿದೆ. 2011ರಲ್ಲಿ ಫಾರ್ಮುಲಾ ಒನ್ ಕಂಡ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನ ಮಾತು ಬಿಡಿ. ಅಷ್ಟು ದೂರವನ್ನು ಅದೇ ಕಾರಿನಲ್ಲಿ ಓಡಿಸಿಕೊಂಡು ಹೋಗಿ, ದಿನವಿಡೀ ಟ್ರ್ಯಾಕ್‌ನಲ್ಲಿ ದುಡಿಸಿ, ಮತ್ತೆ ಅದರಲ್ಲೇ ಮನೆಗೆ ಮರಳುವವನಿಗೆ ಒಂದು ಬಗೆಯ ಗೇರ್‌ಬಾಕ್ಸ್ ಬೇಕು. ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವವನಿಗೆ ಇನ್ನೊಂದು ಬಗೆಯದು ಬೇಕು. ಈ ವ್ಯತ್ಯಾಸವನ್ನು ಮೊದಲೇ ತೀರ್ಮಾನಿಸದೆ ಬಿಡಿಭಾಗ ಕೊಳ್ಳುವವರು ಎರಡು ಸಲ ಹಣ ಕಳೆದುಕೊಳ್ಳುತ್ತಾರೆ.

ಅನುಪಾತದ ನಂತರ ಬರುವುದು ಗೇರುಗಳು ಒಂದನ್ನೊಂದು ಹಿಡಿಯುವ ಬಗೆ. ಸಾಮಾನ್ಯ ಕಾರಿನಲ್ಲಿ ಮುಂದಿನ ಗೇರುಗಳ ಹಲ್ಲುಗಳು ಓರೆಯಾಗಿರುತ್ತವೆ. ಒಂದು ಹಲ್ಲು ಬಿಡುವ ಮುನ್ನವೇ ಮತ್ತೊಂದು ಹಿಡಿಯುವುದರಿಂದ ಸದ್ದು ಕಡಿಮೆ, ಆದರೆ ಓರೆ ಹಲ್ಲುಗಳು ಗೇರುಗಳನ್ನು ಪಕ್ಕಕ್ಕೆ ತಳ್ಳುವುದರಿಂದ ಬೇರಿಂಗ್ ಮತ್ತು ಹೌಸಿಂಗ್‌ನ ಮೇಲೆ ಒತ್ತಡ ಹೆಚ್ಚು. ರೇಸ್ ಗೇರುಗಳಲ್ಲಿ ಸಾಮಾನ್ಯವಾಗಿ ಹಲ್ಲುಗಳನ್ನು ನೇರವಾಗಿ ಕಡಿದಿರುತ್ತಾರೆ. ನೇರ ಹಲ್ಲಿನ ಸದ್ದು ಹೇಗಿರುತ್ತದೆಂದು ತಿಳಿಯಲು ರೇಸ್ ನೋಡಬೇಕಾಗಿಲ್ಲ, ಬಹುತೇಕ ಹಳೆಯ ಕಾರುಗಳು ರಿವರ್ಸ್ ಹೋಗುವಾಗ ಕೇಳಿಬರುವ ಗುಂಯ್‌ಗುಟ್ಟುವ ಶಬ್ದವೇ ಅದು. ಆ ಒಂದು ಗೇರನ್ನು ಮಾತ್ರ ಕಂಪನಿಯವರು ಖರ್ಚು ಉಳಿಸಲು ನೇರ ಹಲ್ಲಿನಲ್ಲೇ ಮಾಡುತ್ತಿದ್ದರು. ಐದೂ ಗೇರುಗಳಲ್ಲಿ, ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಅದೇ ಶಬ್ದವನ್ನು ಕೇಳುತ್ತ ಚೆನ್ನೈವರೆಗೆ ಹೋಗಲು ವಿಶೇಷ ತಾಳ್ಮೆ ಬೇಕು.

ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ಸುತ್ತುತ್ತಿರುವ ಎರಡು ಭಾಗಗಳನ್ನು ಒಂದೇ ವೇಗಕ್ಕೆ ತಂದು ಬೆಸೆಯಬೇಕು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಸಿಂಕ್ರೊಮೆಶ್ ವ್ಯವಸ್ಥೆ ಈ ಕೆಲಸವನ್ನು ಹಿತ್ತಾಳೆಯಂಥ ಲೋಹದ ಶಂಕುವಿನಾಕಾರದ ಉಂಗುರಗಳ ಘರ್ಷಣೆಯಿಂದ ಮಾಡುತ್ತದೆ. ಉಂಗುರ ಉಜ್ಜಿ ವೇಗ ಸಮವಾದ ಮೇಲಷ್ಟೇ ಗೇರ್ ಬೀಳುತ್ತದೆ. ಟ್ರ್ಯಾಕ್‌ನಲ್ಲಿ ಆತುರದಿಂದ ಗೇರ್ ತಳ್ಳುತ್ತ ಹೋದರೆ ಮೊದಲು ಸೋಲುವುದು ಈ ಉಂಗುರಗಳೇ. ಮೂರನೇ ಗೇರ್ ಹಾಕುವಾಗ ಕರಕರ ಎನ್ನತೊಡಗಿದರೆ ಅವು ಮುಗಿದವೆಂದೇ ಅರ್ಥ. ರೇಸ್ ಗೇರ್‌ಬಾಕ್ಸ್‌ನಲ್ಲಿ ಉಂಗುರವನ್ನು ತೆಗೆದುಹಾಕಿ, ನಡುನಡುವೆ ಅಗಲವಾದ ಸಂದುಗಳಿರುವ ಕೆಲವೇ ದಪ್ಪ ಹಲ್ಲುಗಳನ್ನು ಇಟ್ಟಿರುತ್ತಾರೆ, ಇವುಗಳಿಗೆ ಡಾಗ್ ಎಂದು ಹೆಸರು. ಇವು ವೇಗ ಸಮವಾಗಲೆಂದು ಕಾಯುವುದಿಲ್ಲ, ಧಡಕ್ಕನೆ ಕಚ್ಚಿಕೊಳ್ಳುತ್ತವೆ, ಪಳಗಿದ ಚಾಲಕನಾದರೆ ಮೇಲಿನ ಗೇರುಗಳಿಗೆ ಕ್ಲಚ್ಚನ್ನೂ ತುಳಿಯುವುದಿಲ್ಲ. ಅಳುಕುತ್ತ ನಿಧಾನವಾಗಿ ಗೇರ್ ಹಾಕಿದರೆ ಡಾಗ್‌ಗಳ ಅಂಚು ಒಂದಕ್ಕೊಂದು ಬಡಿದು ಮೊಂಡಾಗುತ್ತದೆ; ಆದುದರಿಂದ ಬಳ್ಳಾರಿಯ ರಾಯಲ್ ವೃತ್ತದ ಸಂದಣಿಯಲ್ಲಿ ತೆವಳುವ ಕಾರಿಗೆ ಡಾಗ್ ಗೇರ್‌ಬಾಕ್ಸ್ ಹಾಕಿಸುವುದಕ್ಕಿಂತ ಹಾಕಿಸದಿರುವುದೇ ಜಾಣತನ.

ಇದರ ಮುಂದಿನ ಹೆಜ್ಜೆ ಸೀಕ್ವೆನ್ಶಿಯಲ್ ಗೇರ್‌ಬಾಕ್ಸ್. ಇದರಲ್ಲಿ ಲಿವರನ್ನು ಅಡ್ಡಡ್ಡ ಸರಿಸುವ ಗೊಡವೆಯಿಲ್ಲ. ಮೋಟರ್‌ಸೈಕಲ್ಲಿನಂತೆ ಒಂದಾದ ಮೇಲೆ ಒಂದು, ಸಾಲಾಗಿಯೇ ಗೇರ್ ಬೀಳುವುದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿ ಎಂಜಿನ್ ಒಡೆದುಕೊಳ್ಳುವ ಅಪಾಯ ತಪ್ಪುತ್ತದೆ. ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಬದಲಿಸುವ ಪದ್ಧತಿಯನ್ನು ಫೆರಾರಿ 1989ರಲ್ಲಿ ಫಾರ್ಮುಲಾ ಒನ್‌ಗೆ ತಂದಾಗ ಅದು ಬಾಳಿಕೆ ಬರುವುದೇ ಎಂಬ ಸಂಶಯವಿತ್ತು. ಆ ವರ್ಷದ ಮೊದಲ ಸ್ಪರ್ಧೆಯನ್ನೇ, ಬ್ರೆಜಿಲ್‌ನಲ್ಲಿ, ನೈಜೆಲ್ ಮ್ಯಾನ್ಸೆಲ್ ಅದರಿಂದ ಗೆದ್ದರು. ಎರಡು ಕ್ಲಚ್‌ಗಳಿದ್ದು, ಒಂದು ಗೇರ್ ಎಳೆಯುತ್ತಿರುವಾಗಲೇ ಮುಂದಿನದನ್ನು ಸಿದ್ಧವಾಗಿಡುವ ಡ್ಯುಯಲ್ ಕ್ಲಚ್ ಪದ್ಧತಿಯನ್ನು ಪೋರ್ಷೆ ಕಂಪನಿ 1980ರ ದಶಕದ ತನ್ನ ರೇಸ್ ಕಾರುಗಳಲ್ಲಿ ಪರೀಕ್ಷಿಸಿತ್ತು. ಅದು ಜನಸಾಮಾನ್ಯರ ಕಾರಿಗೆ ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಮೂಲಕ. ಭಾರತದ ಟ್ರ್ಯಾಕ್‌ಗಳಲ್ಲಿ ಇದೇ ಕಂಪನಿ ನಡೆಸಿದ ಏಕಮಾದರಿ ಕಾರು ಸ್ಪರ್ಧೆಗಳಲ್ಲಿ ಈ ಬೆಳವಣಿಗೆಯನ್ನು ಕಣ್ಣೆದುರೇ ಕಾಣಬಹುದಿತ್ತು: 2012ರ ಪೊಲೊ ಆರ್ ಕಪ್‌ನ ಕಾರುಗಳಲ್ಲಿದ್ದುದು ಡಿಎಸ್‌ಜಿ, 2017ರ ಅಮಿಯೊ ಕಪ್‌ನ ಹೊತ್ತಿಗೆ ಬಂದದ್ದು ರೇಸ್‌ಗೆಂದೇ ತಯಾರಾದ ಸೀಕ್ವೆನ್ಶಿಯಲ್ ಪೆಟ್ಟಿಗೆ.

ಇಷ್ಟೆಲ್ಲ ಕೇಳಿದ ಮೇಲೆ ಹೊಸ ಗೇರ್‌ಬಾಕ್ಸ್ ತರಿಸುವ ಆಸೆ ಹುಟ್ಟುವುದು ಸಹಜವಾದರೂ, ಮೊದಲು ಮಾಡಬೇಕಾದ ಕೆಲಸಗಳು ಬೇರೆಯೇ ಇವೆ. ಅವುಗಳಲ್ಲಿ ಮುಖ್ಯವಾದುದು ಡಿಫರೆನ್ಶಿಯಲ್. ತಿರುವಿನಲ್ಲಿ ಒಳಬದಿಯ ಚಕ್ರ ಕಡಿಮೆ ದೂರ, ಹೊರಬದಿಯದು ಹೆಚ್ಚು ದೂರ ಹೋಗಬೇಕಾದ್ದರಿಂದ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಗೊಡುವ ಈ ಸಾಧನ ರಸ್ತೆಯಲ್ಲಿ ವರ, ಟ್ರ್ಯಾಕ್‌ನಲ್ಲಿ ಶಾಪ; ಬಿರುಸಿನ ತಿರುವಿನಲ್ಲಿ ಭಾರ ಕಳೆದುಕೊಂಡ ಒಳಚಕ್ರ ಸುಮ್ಮನೆ ಗಿರಗಿರನೆ ತಿರುಗಿ, ಹೊರಚಕ್ರಕ್ಕೆ ಹೋಗಬೇಕಾದ ಬಲವೂ ಅಲ್ಲೇ ಸೋರಿಹೋಗುತ್ತದೆ. ಇದು ಟ್ರ್ಯಾಕ್ಟರ್ ಚಾಲಕರಿಗೆ ಗೊತ್ತಿರುವ ಸಂಗತಿಯೇ: ಒಂದು ಗಾಲಿ ಕೆಸರಿನಲ್ಲಿ ಹೂತು ಸುಮ್ಮನೆ ಸುತ್ತತೊಡಗಿದಾಗ ಅವರು ಡಿಫರೆನ್ಶಿಯಲ್ ಲಾಕ್‌ನ ಪೆಡಲ್ ತುಳಿದು ಎರಡೂ ಗಾಲಿಗಳನ್ನು ಒಟ್ಟಿಗೆ ಕಟ್ಟಿಹಾಕುತ್ತಾರೆ. ಕಾರನ್ನು ಹಾಗೆ ಪೂರ್ತಿ ಕಟ್ಟಿಹಾಕಿದರೆ ತಿರುಗುವುದೇ ಕಷ್ಟವಾಗುವುದರಿಂದ, ಜಾರುವಿಕೆಗೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಬಳಸುತ್ತಾರೆ. ಗೇರುಗಳ ಬಲದಿಂದಲೇ ಕೆಲಸ ಮಾಡುವ ಅದರ ಒಂದು ಬಗೆ ರಸ್ತೆಗೂ ಒಗ್ಗುತ್ತದೆ, ಸದ್ದು ಮಾಡುವುದಿಲ್ಲ, ಹೆಚ್ಚು ಆರೈಕೆಯನ್ನೂ ಬೇಡುವುದಿಲ್ಲ. ಮುಂಚಕ್ರದ ಕಾರಿಗೆ ಇದೊಂದೇ ಬದಲಾವಣೆ ಹಲವು ವೇಳೆ ಹೊಸ ಗೇರುಗಳಿಗಿಂತ ಹೆಚ್ಚು ಫಲ ಕೊಡುತ್ತದೆ. ಗೇರುಗಳನ್ನು ಮುಟ್ಟದೆ ಕೊನೆಯ ಜೋಡಿಯನ್ನು ಮಾತ್ರ ಗಿಡ್ಡಮಾಡುವುದು, ಉದಾಹರಣೆಗೆ 4.1ರಿಂದ 4.4ಕ್ಕೆ ಏರಿಸುವುದು, ಎರಡನೆಯ ಅಗ್ಗದ ದಾರಿ. ಇದರಿಂದ ಅಂತರಗಳು ಹಾಗೇ ಉಳಿದರೂ ಪ್ರತಿ ಗೇರಿನ ಎಳೆತವೂ ಶೇಕಡ 7ರಷ್ಟು ಹೆಚ್ಚುತ್ತದೆ.

ಎಣ್ಣೆಯ ವಿಚಾರವನ್ನು ಬಳ್ಳಾರಿಯವರು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಚೆನ್ನೈ ಕೂಡ ತಂಪಿನ ಊರಲ್ಲ. ಎಂಜಿನ್ನಿಗೆ ರೇಡಿಯೇಟರ್ ಇದೆ, ಸಾಮಾನ್ಯ ಕಾರಿನ ಗೇರ್‌ಬಾಕ್ಸ್‌ಗೆ ಅಂಥದ್ದೇನೂ ಇಲ್ಲ, ಅದರ ಬಿಸಿಯೆಲ್ಲ ಎಣ್ಣೆಯಿಂದ ಹೌಸಿಂಗ್‌ಗೂ ಅಲ್ಲಿಂದ ಗಾಳಿಗೂ ಹೋಗಬೇಕು. ಸತತವಾಗಿ ಇಪ್ಪತ್ತು ನಿಮಿಷ ಟ್ರ್ಯಾಕ್‌ನಲ್ಲಿ ದುಡಿಸಿದಾಗ ಎಣ್ಣೆ ತೆಳುವಾಗಿ, ಹಲ್ಲುಗಳ ನಡುವಿನ ಪದರ ಹರಿದು, ಲೋಹ ಲೋಹವನ್ನೇ ಉಜ್ಜತೊಡಗುತ್ತದೆ. ಒಳ್ಳೆಯ ಸಿಂಥೆಟಿಕ್ ಗೇರ್ ಆಯಿಲ್ ಹಾಕಿಸುವಾಗ ಡಬ್ಬಿಯ ಮೇಲಿನ ಜಿಎಲ್-4 ಮತ್ತು ಜಿಎಲ್-5 ಎಂಬ ಗುರುತನ್ನು ನೋಡಬೇಕು. ಕ್ರೌನ್-ಪಿನಿಯನ್‌ಗೆಂದು ತಯಾರಾದ ಜಿಎಲ್-5 ಎಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಅಂಶ ಹೆಚ್ಚಿದ್ದು, ಅದು ಹಿತ್ತಾಳೆಯ ಸಿಂಕ್ರೊ ಉಂಗುರಗಳನ್ನು ತಿನ್ನಬಲ್ಲದು. ಸಂಖ್ಯೆ ದೊಡ್ಡದೆಂದ ಮಾತ್ರಕ್ಕೆ ಅದು ಎಲ್ಲಕ್ಕೂ ಉತ್ತಮವಲ್ಲ. ಕಾರಿನ ಕೈಪಿಡಿ ಯಾವುದನ್ನು ಹೇಳುತ್ತದೋ ಅದನ್ನೇ ಹಾಕಿಸುವುದು ಲೇಸು. ಟ್ರ್ಯಾಕ್‌ನಿಂದ ಮರಳಿದ ಮೇಲೆ ಎಣ್ಣೆ ಇಳಿಸಿದಾಗ ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಪುಡಿ ಅಂಟಿದ್ದರೆ ಅದು ಸಹಜ ಸವೆತ, ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಪೆಟ್ಟಿಗೆಯನ್ನು ಇಳಿಸಿ ಬಿಚ್ಚುವ ಕಾಲ ಬಂದಿದೆ.

ಕಾನೂನಿನ ಮಾತನ್ನೂ ಇಲ್ಲಿ ಬಿಡುವಂತಿಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಂ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ವಿಮಾ ಪಾಲಿಸಿಗಳು ಸಂಘಟಿತ ರೇಸ್ ಮತ್ತು ವೇಗಪರೀಕ್ಷೆಯಲ್ಲಿ ಆದ ಹಾನಿಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಆದುದರಿಂದ ಪೂರ್ಣ ಪ್ರಮಾಣದ ರೇಸ್ ಗೇರ್‌ಬಾಕ್ಸ್‌ಗೆ ಟ್ರ್ಯಾಕ್‌ಗೆಂದೇ ಮೀಸಲಾಗಿ ಲಾರಿಯ ಮೇಲೆ ಸಾಗುವ ಕಾರೇ ಸರಿಯಾದ ಜಾಗ. ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಹೋಗಿ ಬರುವವರು ಹೊಸ ಎಣ್ಣೆ, ಹೊಸ ಸಿಂಕ್ರೊ ಉಂಗುರ, ಒಳ್ಳೆಯ ಕ್ಲಚ್ ಮತ್ತು ಹಣ ಹೊಂದಿಕೆಯಾದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಇಷ್ಟಕ್ಕೇ ನಿಲ್ಲಿಸಿ, ಮೂಲ ಗೇರುಗಳಲ್ಲೇ ಒಂದೆರಡು ಟ್ರ್ಯಾಕ್ ಡೇ ಓಡಿಸಿ, ಯಾವ ತಿರುವಿನ ಬಳಿಕ ಎಂಜಿನ್ ಎಷ್ಟು ಆರ್‌ಪಿಎಂಗೆ ಕುಸಿಯುತ್ತದೆಂದು ಬರೆದಿಟ್ಟುಕೊಂಡ ನಂತರವೇ ಅನುಪಾತ ಬದಲಿಸುವ ಯೋಚನೆ ಮಾಡಲಿ.