ಸಕ್ಕರೆ ಬೇಡದ ಶೇಂಗಾ ಮಿಠಾಯಿ



ಆದೋನಿ, ಆಲೂರು ಸೀಮೆಯ ನಾವು ಶೇಂಗಾ ಬೆಳೆಯುವವರು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಹಬ್ಬದಲ್ಲಿ ಅವರ ತಟ್ಟೆ ಬರಿದಾಗಬೇಕಿಲ್ಲ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಆದ್ದರಿಂದ ಅದೂ ಬೇಡ.

ಕಾಲು ಕಿಲೋ ಶೇಂಗಾ ಹುರಿದು, ಸಿಪ್ಪೆ ತೆಗೆದು, ನೀರು ಹಾಕದೆ ಎಣ್ಣೆ ಬಿಡುವವರೆಗೆ ರುಬ್ಬಿರಿ. ಒಂದು ಹಿಡಿ ಒಣಕೊಬ್ಬರಿ ತುರಿ, ಎರಡು ಚಮಚ ತುಪ್ಪ, ಏಲಕ್ಕಿ, ಚಿಟಿಕೆ ಉಪ್ಪು ಬೆರೆಸಿ ತಟ್ಟೆಯಲ್ಲಿ ಒತ್ತಿ, ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಕತ್ತರಿಸಿರಿ.

ಒಳ್ಳೆಯ ಕಾಳು ಮಾರಿ, ಸುಕ್ಕಿದ್ದನ್ನು ಮನೆಗೆ ಉಳಿಸಬೇಡಿರಿ. ಬೂಷ್ಟು ಹಿಡಿದ ಕಾಳಿನ ಅಫ್ಲಾಟಾಕ್ಸಿನ್ ವಿಷ ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಪೂರ್ತಿ ಹೋಗದು.

100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, ಅದರ ಎರಡರಷ್ಟು ಕೊಬ್ಬು. ದಿನಕ್ಕೊಂದು ತುಂಡು ಸಾಕು, ಮಾತ್ರೆ ಬಿಡಬಾರದು.