ಬಿಲ್ಲು ತಾನೇ ಪೋರ್ಟಲ್ಲಿಗೆ ಹೋದ ಕಥೆ

ದಾವಣಗೆರೆಯ ಶಾಮನೂರು ರಸ್ತೆಯಲ್ಲೋ ಮಂಡಿಪೇಟೆಯಲ್ಲೋ ‘ಅಂಗಡಿ ಲೆಕ್ಕ ಎಲ್ಲಿದೆ?’ ಎಂದು ಕೇಳಿದರೆ ಬಹುಮಟ್ಟಿಗೆ ಸಿಗುವ ಉತ್ತರ ‘ಟ್ಯಾಲಿಯಲ್ಲಿ’. ಅದು ಬೆಂಗಳೂರಿನ ಸರಕು. ಕಾರ್ಖಾನೆ, ಜವಳಿ ಗಿರಣಿಗಳಿಗೆ ಕಚ್ಚಾವಸ್ತು, ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ, ತಮ್ಮ ವ್ಯಾಪಾರಕ್ಕೆ ಒಗ್ಗುವ ತಂತ್ರಾಂಶ ಸಿಗದೆ, ಗಣಿತ ಓದಿದ್ದ ಮಗ ಭರತ್‌ಗೆ ಬರೆಯಲು ಹೇಳಿದರು. ಕಂಪನಿ ಹುಟ್ಟಿದ್ದು 1986ರಲ್ಲಿ. ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡಿದ್ದ ಊರಿಗೆ ಅಂಥ ವ್ಯಾಪಾರದ ಲೆಕ್ಕದ ತಲೆನೋವು ಹೊಸದೇನಲ್ಲ.

ಡಾಸ್ ಕಾಲದ ಆ ತಂತ್ರಾಂಶ ಒಂಟಿ. ಮುಂದೆ ವಾಣಿಜ್ಯ ತೆರಿಗೆ ಇಲಾಖೆ ‘ಇ-ಸುಗಮ’ ತಂದಾಗ ಲಾರಿಯ ಕಾಗದ ಆನ್‌ಲೈನ್ ಆಯಿತು, ಗುಮಾಸ್ತನ ಕೆಲಸ ಮಾತ್ರ ಇಮ್ಮಡಿಯಾಯಿತು: ಟ್ಯಾಲಿಯಲ್ಲಿ ಹೊಡೆದ ಬಿಲ್ಲನ್ನೇ ಇಲಾಖೆಯ ಜಾಲತಾಣದಲ್ಲಿ ಮತ್ತೆ ಹೊಡೆಯಬೇಕು.

ಜೋಡಿಸುವ ದಾರಿ ಇರಲಿಲ್ಲವೆಂದಲ್ಲ. ಟ್ಯಾಲಿ ಎಕ್ಸ್‌ಎಂಎಲ್ ರೂಪದಲ್ಲಿ ಬೇರೆ ತಂತ್ರಾಂಶಕ್ಕೆ ಮಾಹಿತಿ ಕೊಟ್ಟು ತೆಗೆದುಕೊಳ್ಳಬಲ್ಲದು. ಒಡಿಬಿಸಿ ಮೂಲಕ ಎಕ್ಸೆಲ್‌ಗೆ ಲೆಕ್ಕ ದಾಟಿಸಬಲ್ಲದು. ಅಗತ್ಯಕ್ಕೆ ತಕ್ಕಂತೆ ತಿದ್ದಲು ಟಿಡಿಎಲ್ ಎಂಬ ತನ್ನದೇ ಭಾಷೆಯೂ ಇದೆ. ಆದರೆ ಅದಕ್ಕೆ ಪ್ರೋಗ್ರಾಮರ್ ಬೇಕು, ದುಡ್ಡು ಬೇಕು. ಗುಮಾಸ್ತನ ಬೆರಳು ಅಗ್ಗ.

ಕಾನೂನು ಬಂದ ಮೇಲೆ ಈ ಲೆಕ್ಕಾಚಾರ ಬದಲಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ ಶುರುಮಾಡಿದ ಮೊದಲ ರಾಜ್ಯ ಕರ್ನಾಟಕ. ದೇಶಕ್ಕೆಲ್ಲ ಅದು ಬಂದದ್ದು 2018ರ ಏಪ್ರಿಲ್ 1ರಂದು. 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಮಿತಿ ಇಳಿಯುತ್ತ ಇಳಿಯುತ್ತ 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. 5 ಕೋಟಿ ಎಂದರೆ ಹರಿಹರದ ಆಸುಪಾಸಿನ ದೊಡ್ಡ ಕಾರ್ಖಾನೆಗಳ ಮಾತಲ್ಲ, ಹೋಲ್‌ಸೇಲ್ ಅಂಗಡಿಯ ಮಾತು.

ಈಗ ಇನ್ನೊಬ್ಬ ವ್ಯಾಪಾರಿಯ ಹೆಸರಿಗೆ ಬಿಲ್ ಸೇವ್ ಮಾಡಿದೊಡನೆ ತಂತ್ರಾಂಶವೇ ಅದನ್ನು ಸರ್ಕಾರಿ ಪೋರ್ಟಲ್ಲಿಗೆ ಕಳಿಸಬಲ್ಲದು. ಅಲ್ಲಿಂದ 64 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಐಆರ್‌ಎನ್ ಮತ್ತು ಕ್ಯೂಆರ್ ಕೋಡ್ ಮರಳಿ ಬಂದು ಬಿಲ್ಲಿನ ಮೇಲೆ ಕೂರುತ್ತವೆ. ಇ-ವೇ ಬಿಲ್ಲನ್ನೂ ಅದೇ ಬೀಸಿನಲ್ಲಿ ಪಡೆಯಬಹುದು. ಮಾರಾಟದ ತೆರಿಗೆ ವರದಿಯಾದ ಜಿಎಸ್‌ಟಿಆರ್-1ರಲ್ಲಿ ವಿವರ ತಾನಾಗಿ ತುಂಬುತ್ತದೆ.

ತೆರಿಗೆಯ ಕಡೆಗಿನ ಬಾಗಿಲು ಹೀಗೆ ತೆರೆಯಿತು. ವೇಬ್ರಿಜ್, ಗೋದಾಮು, ಬ್ಯಾಂಕು ಇವುಗಳ ಕಡೆಗಿನದನ್ನು ತೆರೆಯಿರೆಂದು ಯಾವ ಕಾನೂನೂ ಹೇಳುವುದಿಲ್ಲ, ಆ ಖರ್ಚು ಮಾಲೀಕರದೇ. ಹೊಸ ತಂತ್ರಾಂಶ ಕೊಳ್ಳುವವರು ಬೆಲೆ ಕೇಳುವ ಮೊದಲು, ಅದು ಇವುಗಳೊಂದಿಗೆ ಕೂಡಿಕೊಳ್ಳುತ್ತದೆಯೇ ಎಂದು ಮಾರುವವರ ಮುಂದೆಯೇ ನಡೆಸಿ ನೋಡಲಿ.